ಸಪ್ಪೆ

ಪುಸ್ತಕ ಬಂದದ್ದು ಗುರುವಾರ ಬೆಳಿಗ್ಗೆ. ಹತ್ತು ಪ್ರತಿಗಳ ಕಟ್ಟು. ಕತ್ತರಿ ಹುಡುಕುವಷ್ಟು ತಾಳ್ಮೆಯಿಲ್ಲದೆ ಹಲ್ಲಿನಿಂದಲೇ ದಾರ ಕಡಿದೆ. ಐವತ್ತೆರಡು ವರ್ಷದ ಹೆಂಗಸು ಮಾಡುವ ಕೆಲಸವಲ್ಲ, ಒಪ್ಪುತ್ತೇನೆ. ಮೇಲಿನ ಪ್ರತಿ ತೆಗೆದು ಎಲ್ಲೋ ನಡುವೆ ಬಿಡಿಸಿದೆ. ಇಪ್ಪತ್ತಮೂರನೇ ಪುಟ. ಕಾಮಿಕ್ಸ್‌ನ ಎರಡನೇ ಚೌಕದಲ್ಲಿ, ಮಾತಿನ ಗುಳ್ಳೆಯೊಳಗೆ, ನಾನೇ ಕಪ್ಪು ಶಾಯಿಯಲ್ಲಿ ಬರೆದಿದ್ದ ಎರಡು ಸಾಲುಗಳ ನಡುವೆ ತಿಳಿನೀಲಿಯಲ್ಲಿ ಇನ್ನೊಂದು ಪದ ಇತ್ತು. ಅದೂ ನನ್ನದೇ ಕೈಬರಹ.

ಸಪ್ಪೆ.

ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಅಲ್ಲೇ ಇತ್ತು.

“ಬಂತಾ?” ಎಂದು ಪಕ್ಕದ ಕೋಣೆಯಿಂದ ಅಣ್ಣ ಕೂಗಿದ.

“ಬಂತು. ಒಂದ್ನಿಮಿಷ ಇರು, ಕಟ್ಟು ಬಿಚ್ತಿದೀನಿ,” ಎಂದೆ. ಬಿಚ್ಚಿದ ದಾರ ನನ್ನ ಕಾಲ ಬಳಿಯೇ ಬಿದ್ದಿತ್ತು.

ಗಡಿಬಿಡಿಯಲ್ಲಿ ಪುಟ ತಿರುವಿದೆ. ಒಂಬತ್ತನೇ ಪುಟದಲ್ಲಿ ಒಂದು. ಹದಿನಾಲ್ಕರಲ್ಲಿ ಎರಡು. ಎಣಿಸುತ್ತಾ ಹೋದೆ, ನಲವತ್ತೊಂದಕ್ಕೆ ನಿಂತಿತು. ಈ ಪುಸ್ತಕ ಸಪ್ಪೆ ಎಂದು ಪುಸ್ತಕವೇ ನಲವತ್ತೊಂದು ಸಲ ಊರಿಗೆಲ್ಲ ಹೇಳುತ್ತಿತ್ತು. ಹೇಳಿದವಳು ನಾನು. ಮೂರು ವರ್ಷದಿಂದ ಅಣ್ಣನಿಗೆ ಚೆನ್ನಾಗಿದೆ, ಚೆನ್ನಾಗಿದೆ ಎಂದು ಹೇಳಿಕೊಂಡು ಬಂದವಳೂ ನಾನೇ.

ನಮ್ಮ ಕೆಲಸ ಏನು ಎಂದು ಮೊದಲು ಹೇಳಬೇಕು. ಅಣ್ಣ ಕಾಮಿಕ್ಸ್ ಬರೆಯುವವನು, ನಾನು ಅವುಗಳಲ್ಲಿ ಅಕ್ಷರ ಕೂರಿಸುವವಳು. ಚೌಕದಲ್ಲಿ ಮನುಷ್ಯ ನಿಂತಿರುತ್ತಾನೆ, ಅವನ ಬಾಯಿಂದ ಒಂದು ಖಾಲಿ ಗುಳ್ಳೆ ಹೊರಟಿರುತ್ತದೆ. ಅದರೊಳಗೆ ಮಾತು ಸೊಟ್ಟಗಾಗದಂತೆ, ಒತ್ತಕ್ಷರದ ಬಾಲ ಕೆಳಗಿನ ಸಾಲಿನ ತಲೆಗೆ ಬಡಿಯದಂತೆ ಬರೆಯುವುದು ನನ್ನ ಪಾಲಿನದು. ಚಿಕ್ಕಂದಿನಲ್ಲಿ ಯಾವ ಅಕ್ಷರ ಹೇಳಿದರೂ ಮೊದಲು ಒಂದು ಸೊನ್ನೆ ಸುತ್ತಿ ಆಮೇಲೆ ಅದಕ್ಕೆ ಕೈಕಾಲು ಅಂಟಿಸುತ್ತಿದ್ದೆನಂತೆ. ಅದಕ್ಕೇ ಅಣ್ಣ ನನ್ನನ್ನು ಇವತ್ತಿಗೂ ಸೊನ್ನೆ ಎಂದೇ ಕರೆಯುವುದು.

ಮಕ್ಕಳ ವಾರಪತ್ರಿಕೆಯೊಂದರಲ್ಲಿ ಅವನ ‘ಛತ್ರಿ ಚಿಕ್ಕಪ್ಪ’ ಹತ್ತೊಂಬತ್ತು ವರ್ಷ ಬಂತು. ಹರಿದ ಛತ್ರಿ ಹೊಲಿಯುವ ಮುದುಕ, ಹೆಸರಿಗೆ ತಕ್ಕಂತೆ ಮಹಾ ಛತ್ರಿ. ಊರ ದೊಡ್ಡವರಿಗೆಲ್ಲ ಟೋಪಿ ಹಾಕಿ, ಕೊನೆಯ ಚೌಕದಲ್ಲಿ ಮಾತ್ರ ತಾನೇ ಮಳೆಯಲ್ಲಿ ತೊಪ್ಪೆಯಾಗಿ ನಿಂತಿರುತ್ತಿದ್ದ. ಜನ ಆ ಕೊನೆಯ ಚೌಕಕ್ಕಾಗಿ ವಾರವಿಡೀ ಕಾಯುತ್ತಿದ್ದರು.

ಆ ಕೊನೆಯ ಚೌಕ ಸುಮ್ಮನೆ ಬರುತ್ತಿರಲಿಲ್ಲ. ಅಣ್ಣ ಕೊಟ್ಟ ಪುಟದಲ್ಲಿ ಯಾವ ಚೌಕ ನೀರಸವಾಗಿ ಕಂಡರೂ ನಾನು ಅದರ ಗುಳ್ಳೆಯಲ್ಲಿ ಮಾತು ಬರೆಯದೆ, ತಿಳಿನೀಲಿ ಪೆನ್ಸಿಲ್ಲಿನಿಂದ ‘ಸಪ್ಪೆ’ ಎಂದು ಬರೆದು ಪುಟ ವಾಪಸ್ಸು ಕೊಡುತ್ತಿದ್ದೆ. ಅವನು ಉರಿದುಬೀಳುತ್ತಿದ್ದ. “ನಿನ್ನ ನಾಲಿಗೇಲಿ ಏನೋ ದೋಷ ಇದೆ ಕಣೇ,” ಎನ್ನುತ್ತಿದ್ದ. ಅರ್ಧ ದಿನ ಮಾತು ಬಿಡುತ್ತಿದ್ದ. ಸಂಜೆಗೆ ಹೊಸ ಚಿತ್ರ ತಂದು ನನ್ನ ಮೇಜಿನ ಮೇಲೆ ಕುಕ್ಕುತ್ತಿದ್ದ. ನಾನು ನಕ್ಕರೆ ಪಾಸು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು. ಆ ಪದ ನಮ್ಮಿಬ್ಬರ ನಡುವಿನದು, ಅತ್ತಿಗೆಗೂ ಗೊತ್ತಿರಲಿಲ್ಲ.

ತಿಳಿನೀಲಿಯೇ ಯಾಕೆಂದರೆ ಅದು ಯಂತ್ರಕ್ಕೆ ಕಾಣುವುದಿಲ್ಲ. ಅಚ್ಚಿಗೆ ಫೋಟೊ ಹಿಡಿಯುವ ಯಂತ್ರ ಕಪ್ಪನ್ನಷ್ಟೇ ಹಿಡಿದು ತಿಳಿನೀಲಿಯನ್ನು ಬಿಟ್ಟುಬಿಡುತ್ತಿತ್ತು. ಅಣ್ಣ ಚಿತ್ರಕ್ಕೆ ಮೊದಲು ಹಾಕಿಕೊಳ್ಳುವ ಕರಡು ಗೆರೆಗಳೂ ಅದೇ ಪೆನ್ಸಿಲ್ಲಿನವು. ಅಳಿಸುವ ಗೋಜೇ ಇಲ್ಲ. ನೀಲಿ ಯಂತ್ರಕ್ಕೆ ಕಾಣದು ಎಂಬುದು ನನಗೆ ಬೆಂಕಿ ಸುಡುತ್ತದೆ ಎಂಬಷ್ಟೇ ಖಾತ್ರಿಯಾಗಿತ್ತು.

ಆಮೇಲೆ ಪತ್ರಿಕೆ ನಿಂತಿತು. ಅದೇ ವರ್ಷ ಅತ್ತಿಗೆ ತೀರಿಕೊಂಡಳು. ಅಣ್ಣ ಕುರ್ಚಿಯನ್ನು ಕಿಟಕಿಗೆ ಬೆನ್ನು ಮಾಡಿ ಇಟ್ಟುಕೊಂಡು ಗೋಡೆ ನೋಡುತ್ತಾ ಕೂತ. ಒಂದೆರಡು ದಿನವಲ್ಲ, ಎಂಟು ವರ್ಷ. ಗಡ್ಡ ಬೋಳಿಸಿಕೊಳ್ಳಲೂ ನಾನೇ ಗದರಬೇಕಿತ್ತು. ಒಂದು ಚಹಾ ಲೋಟ ತುಂಬಿಟ್ಟರೆ ಅದು ಹಾಗೇ ಆರಿ ಕೆನೆಗಟ್ಟುತ್ತಿತ್ತು.

ಅವನನ್ನು ಎಬ್ಬಿಸಿದವರು ಈ ಪ್ರಕಾಶಕರು. ನಾನು ಅವರಿಗಿಟ್ಟ ಹೆಸರು ಡಂಗುರ. ಛತ್ರಿ ಚಿಕ್ಕಪ್ಪನನ್ನು ದೊಡ್ಡವರ ಗ್ರಾಫಿಕ್ ಕಾದಂಬರಿಯಾಗಿ ತರೋಣ ಎಂದರು. ಅಣ್ಣ ಮಾರನೆಯ ದಿನ ಹೇಳಿಸಿಕೊಳ್ಳದೆ ಗಡ್ಡ ಬೋಳಿಸಿಕೊಂಡ. ವಾರದಲ್ಲಿ ಕುರ್ಚಿ ಕಿಟಕಿಗೆ ಮುಖ ಮಾಡಿತು. ಮೊದಲ ಎಂಟು ಪುಟ ಬಂದವು. ಪರವಾಗಿಲ್ಲ, ಕೈಗೆ ತುಕ್ಕು ಹಿಡಿದಿದೆ, ಬಿಡುತ್ತದೆ ಎಂದುಕೊಂಡೆ. ಆಮೇಲೆ ಒಂಬತ್ತನೇ ಪುಟ ಬಂತು. ಛತ್ರಿ ಚಿಕ್ಕಪ್ಪ ಛತ್ರಿತನ ಬಿಟ್ಟು ವೇದಾಂತಕ್ಕೆ ಇಳಿದಿದ್ದ. ಕಿಟಕಿಯಲ್ಲಿ ನಿಂತು, ಆಕಾಶ ನೋಡುತ್ತಾ, ‘ನಾವೆಲ್ಲರೂ ಯಾರದೋ ಕೈಯ ಹರಿದ ಛತ್ರಿಗಳು’ ಎನ್ನುತ್ತಿದ್ದ. ಮುಂದಿನ ಚೌಕದಲ್ಲೂ ಅದೇ ಕಿಟಕಿ. ಅದರ ಮುಂದಿನದರಲ್ಲೂ.

ಕೈ ತನ್ನಷ್ಟಕ್ಕೆ ನೀಲಿ ಪೆನ್ಸಿಲ್ ತೆಗೆದುಕೊಂಡಿತು. ಸಪ್ಪೆ ಎಂದು ಬರೆದೆ. ಪುಟ ವಾಪಸ್ಸು ಕೊಡಲು ಎದ್ದೆ. ಬಾಗಿಲಲ್ಲಿ ಅಣ್ಣ ನಿಂತಿದ್ದ, ಸಿಳ್ಳೆ ಹಾಕುತ್ತಿದ್ದ. ಎಂಟು ವರ್ಷದಲ್ಲಿ ಅವನ ಸಿಳ್ಳೆ ನಾನು ಕೇಳಿರಲಿಲ್ಲ.

“ಹೇಗಿದೆ?” ಎಂದ.

“ಚೆನ್ನಾಗಿದೆ,” ಎಂದೆ.

ಅಷ್ಟೇ ನಡೆದದ್ದು. ಕೂತು, ನೀಲಿಯ ಮೇಲೆಯೇ ಕಪ್ಪಿನಲ್ಲಿ ಅವನ ಮಾತು ಬರೆದೆ. ಅಕ್ಷರ ಕೂತ ಪುಟವನ್ನು ಅಣ್ಣ ಮತ್ತೆ ನೋಡುವವನಲ್ಲ, ಅದು ಮೊದಲಿಂದಲೂ ಅವನ ಹಠ. ಮುಂದೆ ಅದೇ ರೂಢಿಯಾಯಿತು. ಬಾಯಲ್ಲಿ ಚೆನ್ನಾಗಿದೆ ಎನ್ನುವುದು, ಗುಳ್ಳೆಯಲ್ಲಿ ನೀಲಿಯಲ್ಲಿ ನಿಜ ಬರೆಯುವುದು, ಅದರ ಮೇಲೆ ಕಪ್ಪು ಬರೆದು ಮುಚ್ಚುವುದು. ಒಂದು ಕಡೆಯಾದರೂ ನಿಜ ಬರೆಯದಿದ್ದರೆ ನನಗೆ ಉಸಿರು ಕಟ್ಟುತ್ತಿತ್ತು. ಯಾರಿಗೂ ಕಾಣದ ನಿಜ, ಯಾರಿಗೂ ಉಪಯೋಗವಿಲ್ಲದ್ದು. ನಾಳೆ ಹೇಳುತ್ತೇನೆ, ಈ ಅಧ್ಯಾಯ ಮುಗಿಯಲಿ, ಹೇಳುತ್ತೇನೆ ಎಂದುಕೊಳ್ಳುತ್ತಿದ್ದೆ. ಮೂವತ್ತೆಂಟನೇ ಪುಟದ ಹೊತ್ತಿಗೆ ಅಣ್ಣ ಬಾಗಿಲ ಚೌಕಟ್ಟಿಗೆ ಹಣೆ ಬಡಿಸಿಕೊಳ್ಳತೊಡಗಿದ. ಕಣ್ಣಿನ ಡಾಕ್ಟರ್ ನರ ಸೋಲುತ್ತಿದೆ ಎಂದರು. ಹೋದ ದೃಷ್ಟಿ ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಲು ಹನಿ ಹಾಕಿ ಎಂದರು. ತಿಳಿ ಬಣ್ಣಗಳು ಮೊದಲು ಮಾಸುತ್ತವಂತೆ, ನೀಲಿಯಂತೂ ಇನ್ನೂ ಬೇಗ. ಆಮೇಲೆ ಹೇಳುವುದಾದರೂ ಹೇಗೆ? ಇದು ಅವನ ಕೊನೆಯ ಪುಸ್ತಕ ಎಂದು ಇಬ್ಬರಿಗೂ ಗೊತ್ತಾಗಿಹೋಗಿತ್ತು. ಭೂತಕನ್ನಡಿ ಹಿಡಿದು, ಮೂಗನ್ನು ಕಾಗದಕ್ಕೆ ತಾಗಿಸಿಕೊಂಡು ನೂರಹನ್ನೆರಡು ಪುಟ ಮುಗಿಸಿದ.

ಅಷ್ಟರಲ್ಲಿ ಡಂಗುರ ಹೊರಗೆ ಬಾರಿಸುತ್ತಲೇ ಇದ್ದರು. ಬಸ್ ನಿಲ್ದಾಣಗಳಲ್ಲಿ ಆಳೆತ್ತರದ ಛತ್ರಿ ಚಿಕ್ಕಪ್ಪ. ‘ಹನ್ನೊಂದು ವರ್ಷದ ಮೌನ ಮುರಿಯುತ್ತಿದೆ!’ ‘ಶತಮಾನದ ಗ್ರಾಫಿಕ್ ಕಾದಂಬರಿ!’ ಶತಮಾನ ಇನ್ನೂ ಮುಕ್ಕಾಲು ಬಾಕಿ ಇತ್ತು, ಅವರಿಗೆ ಅದೆಲ್ಲ ಲೆಕ್ಕಕ್ಕಿಲ್ಲ. ಕೆಳಗೆ ಇನ್ನೊಂದು ಸಾಲು: ‘ಕಲಾವಿದರ ಮೇಜಿನ ಮೇಲಿದ್ದ ಹಾಗೆಯೇ, ಒಂದು ಗೆರೆಯನ್ನೂ ಅಳಿಸದೆ!’ ಆ ಸಾಲನ್ನು ನಾನು ದಿನಾ ಬಸ್ಸಿಗೆ ಕಾಯುತ್ತಾ ಓದಿದ್ದೇನೆ. ತಲೆಗೆ ಹೋಗಲಿಲ್ಲ. ತಿದ್ದಲು ಬಂದ ಕರಡು ಪ್ರತಿ ಕಪ್ಪು ಬಿಳುಪಿನದು, ಅದರಲ್ಲಿ ನೀಲಿಯ ಸುಳಿವೇ ಇರಲಿಲ್ಲ. ಪುಸ್ತಕ ಬಣ್ಣದಲ್ಲಿ ಅಚ್ಚಾಗುತ್ತದೆ, ಬಣ್ಣದ ಯಂತ್ರಕ್ಕೆ ಎಲ್ಲ ಕಾಣುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಮೂವತ್ತು ವರ್ಷ ಇದೇ ಕೆಲಸ ಮಾಡಿದವಳಿಗೆ.

“ಸೊನ್ನೆ! ಕಟ್ಟು ಬಿಚ್ತಿದೀಯೋ, ಹೊಲೀತಿದೀಯೋ?”

ಮೊದಲು ಅವನ ಭೂತಕನ್ನಡಿಯನ್ನು ಅಕ್ಕಿ ಡಬ್ಬದಲ್ಲಿ ಹೂತೆ. ಆಮೇಲೆ ಪುಸ್ತಕ ತೆಗೆದುಕೊಂಡು ಹೋದೆ. ಅವನು ಅದನ್ನು ಎರಡೂ ಕೈಯಲ್ಲಿ ಹಿಡಿದು ತೂಗಿದ, ಮೂಸಿದ, ಹೊದಿಕೆಯ ಮೇಲಿನ ಉಬ್ಬು ಅಕ್ಷರಗಳನ್ನು ಬೆರಳಲ್ಲಿ ಸವರಿದ.

“ನನ್ನ ಕನ್ನಡಿ ಎಲ್ಲಿ?”

“ಅಲ್ಲೇ ಎಲ್ಲೋ ಇಟ್ಟಿರ್ತೀಯ. ಹುಡುಕ್ತೀನಿ.”

“ಬೇಡ ಬಿಡು. ನೀನು ನೋಡಿದ್ಯಲ್ಲ. ಹೇಗೆ ಬಂದಿದೆ?”

“ಚೆನ್ನಾಗಿ ಬಂದಿದೆ,” ಎಂದೆ. ನಾಲಿಗೆ ಸೀದುಹೋಗಬಾರದೇ ಅನ್ನಿಸಿತು.

ಮಹಡಿಯ ಮೇಲೆ ಹೋಗಿ ಡಂಗುರರಿಗೆ ಫೋನು ಮಾಡಿದೆ. ಪ್ರತಿಗಳನ್ನು ವಾಪಸ್ಸು ತರಿಸಿ ಎಂದು ಬೇಡಿಕೊಂಡೆ. “ಅಯ್ಯೋ ಅಮ್ಮಾ, ಮುಂಗಡ ಹೇಳಿದ್ದೋರಿಗೆಲ್ಲ ನಿನ್ನೇನೇ ತಲುಪಿಬಿಟ್ಟಿದೆ,” ಎಂದರು. “ಆ ನೀಲಿ ನಮ್ಮೋರೂ ನೋಡಿದ್ರು. ಕಲಾವಿದರು ತಮ್ಮನ್ನ ತಾವೇ ಹೇಗೆ ತಿದ್ದಿಕೊಂಡಿದಾರೆ ನೋಡಿ, ಇದಪ್ಪಾ ಪ್ರಾಮಾಣಿಕತೆ ಅಂತ ನಾನೇ ಹಾಗೇ ಇರ್ಲಿ ಅಂದೆ.” ಶನಿವಾರದ ಕಾರ್ಯಕ್ರಮವನ್ನಾದರೂ ನಿಲ್ಲಿಸಿ ಎಂದೆ. ಮುನ್ನೂರು ಜನ ಹೆಸರು ಕೊಟ್ಟಿದಾರೆ, ಆಗಲ್ಲ ಎಂದರು.

ಶುಕ್ರವಾರ ಪತ್ರಿಕೆಯಲ್ಲಿ ವಿಮರ್ಶೆ ಬಂತು. ಅಣ್ಣ ಚಹಾ ಕುಡಿಯುತ್ತಾ “ಓದು” ಎಂದ. ನಾನು ಕಣ್ಣಾಡಿಸಿದೆ. ‘ನೂರಹನ್ನೆರಡು ಪುಟಗಳಲ್ಲಿ ಒಮ್ಮೆಯೂ ನಗು ಬರಲಿಲ್ಲ. ಇಷ್ಟು ಸದ್ದು ಮಾಡಿ ತಂದ ಛತ್ರಿಯಲ್ಲಿ ಬಟ್ಟೆಯೇ ಇಲ್ಲ.’ ಗಂಟಲು ಸರಿಮಾಡಿಕೊಂಡು ಓದಿದೆ: “ನೂರಹನ್ನೆರಡು ಪುಟಗಳಲ್ಲಿ ಒಮ್ಮೆಯೂ ನಗು ನಿಲ್ಲಲಿಲ್ಲ.”

ಅಣ್ಣ ಲೋಟ ಕೆಳಗಿಟ್ಟ. “ನಗು? ನಾನು ನಗಿಸೋಕೆ ಬರೆದಿಲ್ವಲ್ಲೇ.”

“ಅದು... ಒಳಗೊಳಗೇ ಬರೋ ನಗು ಅಂತೆ. ನೋವಿನ ನಗು.”

“ಓ,” ಎಂದ. “ಹಾಗಾದ್ರೆ ಅರ್ಥ ಮಾಡ್ಕೊಂಡಿದಾನೆ.” ಆಮೇಲೆ ಸಿಳ್ಳೆ ಹಾಕಿದ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಶನಿವಾರ ಹೋಗುವುದು ಬೇಡ ಎನ್ನಲು ನಾನು ಮಾಡದ ನಾಟಕವಿಲ್ಲ. ತಲೆನೋವು ಎಂದೆ. ಬಸ್ಸಿಲ್ಲ ಎಂದೆ. ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಗುಂಡಿ ಒಂದು ಮನೆ ಕೆಳಗೆ ಹಾಕಿಕೊಂಡು, ಬೆಳಿಗ್ಗೆ ಒಂಬತ್ತಕ್ಕೇ ಬಾಗಿಲಲ್ಲಿ ನಿಂತಿದ್ದ. ಗುಂಡಿ ಸರಿಮಾಡಿ ಕರೆದುಕೊಂಡು ಹೋದೆ.

ಪುಸ್ತಕದಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಆದರೆ ಆ ಗುಂಪಿನ ಸದ್ದು ನನಗೆ ಹಿಡಿಸಲಿಲ್ಲ. ಸಂತೋಷಪಟ್ಟ ಜನ ಜೋರಾಗಿ ಮಾತಾಡುತ್ತಾರೆ. ಇವರು ಪಿಸುಗುಡುತ್ತಿದ್ದರು. ಅಣ್ಣನನ್ನು ಮೇಜಿನ ಹಿಂದೆ ಕೂರಿಸಿದೆ. ಸಹಿಯ ಜಾಗ ಗೊತ್ತಾಗಲೆಂದು ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ಒಂದು ದಪ್ಪ ರಟ್ಟು ಇಟ್ಟು, ಅದರ ಅಂಚಿಗೆ ಅವನ ಬೆರಳು ತಾಗಿಸುತ್ತಿದ್ದೆ. ಜನ ಬಂದು, “ನಮಸ್ಕಾರ ಸಾರ್, ಚಿಕ್ಕವರಿದ್ದಾಗಿಂದ ಓದ್ತಿದೀವಿ” ಎಂದು, ಈ ಪುಸ್ತಕದ ಮಾತೆತ್ತದೆ ಹೋಗುತ್ತಿದ್ದರು. ಅಣ್ಣ ಅದನ್ನು ಗಮನಿಸಿದ್ದ. ಅವನ ಮುಖ ನನಗೆ ಗೊತ್ತಿಲ್ಲವೇ? ಪ್ರತಿಯೊಬ್ಬರ ಕಡೆಗೂ ಸ್ವಲ್ಪ ಮುಂದಕ್ಕೆ ಬಾಗುತ್ತಿದ್ದ, ಇನ್ನೊಂದು ಮಾತು ಬರಬಹುದು ಎಂದು. ಬರುತ್ತಿರಲಿಲ್ಲ. ಮೂವತ್ತು ಜನ ಹೋದರು, ನಲವತ್ತು ಹೋದರು.

ಆಗ ಅವಳು ಬಂದಳು. ಮೂವತ್ತೈದರ ಹೆಂಗಸು, ರಕ್ತ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸವಂತೆ, ತಾನೇ ಹೇಳಿದಳು. ಪುಸ್ತಕವನ್ನು ಮೇಜಿನ ಮೇಲಿಟ್ಟಳು, ಸಹಿಗೆ ಮುಂದೆ ತಳ್ಳಲಿಲ್ಲ.

“ಸಾರ್, ನನ್ನ ತಂದೆ ಕೊನೆ ತಿಂಗಳು ಆಸ್ಪತ್ರೇಲಿದ್ರು. ದಿನಾ ಛತ್ರಿ ಚಿಕ್ಕಪ್ಪನ ಹಳೇ ಪುಟಗಳನ್ನ ಓದಿ ಹೇಳ್ತಿದ್ದೆ. ನಗ್ತಾ ನಗ್ತಾನೇ ಹೋದ್ರು. ಅದಕ್ಕೇ ಇದನ್ನ ಎರಡು ವರ್ಷದಿಂದ ಕಾದಿದ್ದೆ.” ಅವಳು ಪುಸ್ತಕದ ಮೇಲೆ ಕೈಯಿಟ್ಟಳು. “ಚೆನ್ನಾಗಿಲ್ಲ ಸಾರ್. ಅದು ಪರವಾಗಿಲ್ಲ, ಎಲ್ಲರಿಗೂ ಆಗತ್ತೆ. ಆದ್ರೆ ನಿಮಗೆ ಗೊತ್ತಿತ್ತಲ್ಲ! ಪುಟ ಪುಟದಲ್ಲೂ ಬರೆದಿಟ್ಟಿದೀರಲ್ಲ! ಗೊತ್ತಿದ್ದೂ ಯಾಕೆ ಕೊಟ್ರಿ ನಮಗೆ?”

ಡಂಗುರ ಏನೋ ಹೇಳಲು ಮುಂದೆ ಬಂದರು. ಅಣ್ಣ ಕೈಯೆತ್ತಿ ತಡೆದ.

“ಏನು ಬರೆದಿದೆಯಮ್ಮ?”

ಅವಳು ಪುಟ ಬಿಡಿಸಿ ಬೆರಳಿಟ್ಟು ತೋರಿಸಿದಳು. ಅಣ್ಣ ಬಗ್ಗಿದ, ಮೂಗು ಕಾಗದಕ್ಕೆ ತಾಗುವಷ್ಟು. ಅವನಿಗೆ ಏನೂ ಕಾಣಲಿಲ್ಲ. ತಲೆಯೆತ್ತಿ ನನ್ನ ಕಡೆ ತಿರುಗಿದ.

“ಸೊನ್ನೆ, ಏನಿದೆ ಓದು.”

ನಿನ್ನೆಯ ಪತ್ರಿಕೆಯ ಹಾಗೆ ಇದನ್ನೂ ತಿರುಚಬಹುದಿತ್ತು. ಆದರೆ ಆ ಹೆಂಗಸು ಎದುರಿಗೇ ನಿಂತಿದ್ದಳು, ಅವಳ ಬೆರಳು ಪದದ ಕೆಳಗೇ ಇತ್ತು.

“ಸಪ್ಪೆ,” ಎಂದು ಓದಿದೆ.

ರಟ್ಟಿನ ಅಂಚಿನ ಮೇಲಿದ್ದ ಅಣ್ಣನ ಬೆರಳು ಆ ಕಡೆಯಿಂದ ಈ ಕಡೆಗೆ ಒಮ್ಮೆ ಹೋಗಿ ಬಂತು. ಆಮೇಲೆ ಆ ಹೆಂಗಸಿನ ಕಡೆಗೆ ಮುಖ ಮಾಡಿ, “ಹೌದಮ್ಮ. ನಾನೇ ಬರೆದಿದ್ದು. ತಪ್ಪಾಯ್ತು,” ಎಂದ.

ಉಳಿದವರಿಗೂ ಸಹಿ ಹಾಕಿದ. ಒಂದನ್ನೂ ಬಿಡಲಿಲ್ಲ. ಈ ಸಲ ಯಾರ ಕಡೆಗೂ ಬಾಗಲಿಲ್ಲ.

ಮನೆಗೆ ಬಸ್ಸಿನಲ್ಲಿ ಹೊರಟೆವು. ಮಧ್ಯಾಹ್ನದ ಬಸ್ಸು, ಅರ್ಧ ಖಾಲಿ. ಅವನು ಕಿಟಕಿಯ ಬದಿಗೆ ಕೂತ, ಪುಸ್ತಕ ತೊಡೆಯ ಮೇಲೆ. ಬೈಯಲಿ ಎಂದು ಕಾದೆ. ನನ್ನ ಜೀವಮಾನದಲ್ಲಿ ಯಾರ ಬೈಗುಳಕ್ಕೂ ನಾನು ಅಷ್ಟು ಹಂಬಲಿಸಿರಲಿಲ್ಲ. ಮೂರು ನಿಲ್ದಾಣ ಹೋದ ಮೇಲೆ ಕೇಳಿದ:

“ಮೊದಲನೇದು ಯಾವ ಪುಟ?”

“ಒಂಬತ್ತು.”

“ಎಷ್ಟು ಇವೆ?”

“ನಲವತ್ತೊಂದು.”

“ಕೊನೇದು?”

“ಎಪ್ಪತ್ತನೇ ಪುಟ.”

ಅವನು ಪುಸ್ತಕದ ಅಂಚನ್ನು ಹೆಬ್ಬೆರಳಿನಿಂದ ಸವರಿ, ಎಪ್ಪತ್ತು ಪುಟ ಎಷ್ಟು ದಪ್ಪ ಇರಬಹುದು ಎಂದು ಅಳೆಯುವವನ ಹಾಗೆ ಒಂದು ಕಡೆ ನಿಲ್ಲಿಸಿದ. ಅಲ್ಲಿಂದಾಚೆ ಉಳಿದದ್ದನ್ನು ಎರಡು ಬೆರಳಲ್ಲಿ ಹಿಡಿದ. ದನಿ ತಗ್ಗಿಸಿ ಕೇಳಿದ, ಅಕ್ಕಪಕ್ಕದವರಿಗೆ ಕೇಳಿಸೀತು ಎಂಬಂತೆ.

“ಹಾಗಾದ್ರೆ ಎಪ್ಪತ್ತೊಂದರಿಂದ ಆಚೆ ಒಂದೂ ಇಲ್ಲ. ಅಲ್ಲಿಂದ ಚೆನ್ನಾಗಿದೆಯಾ, ಸೊನ್ನೆ?”

ಅವನ ಮುಖ ನೋಡಿದೆ. ನೋಡಬಾರದಿತ್ತು. ಹಳೆಯ ದಿನಗಳಲ್ಲಿ ತಿದ್ದಿದ ಚಿತ್ರ ತಂದು ನನ್ನ ಮೇಜಿನ ಮೇಲೆ ಕುಕ್ಕಿ, ನಾನು ನಗುತ್ತೇನೋ ಇಲ್ಲವೋ ಎಂದು ಕಾಯುವಾಗ ಇರುತ್ತಿದ್ದ ಮುಖ ಅದು. ಹೂಂ ಎಂದರೆ ಸಾಕಿತ್ತು. ನಲವತ್ತೆರಡು ಪುಟ ಅವನಿಗೆ ಉಳಿಯುತ್ತಿದ್ದವು. ಪುಣ್ಯ ಕಟ್ಟಿಕೊಂಡಂತಾಗುತ್ತಿತ್ತು. ಮೂರು ವರ್ಷ ಅದನ್ನೇ ಪುಣ್ಯ ಎಂದುಕೊಂಡು ಕಟ್ಟಿಕೊಂಡಿದ್ದೆ.

“ಇಲ್ಲ ಅಣ್ಣ,” ಎಂದೆ. “ಪೆನ್ಸಿಲ್ ಮುಗಿದುಹೋಯ್ತು. ಹೊಸದು ತರೋಕೆ ಮನಸ್ಸಾಗ್ಲಿಲ್ಲ.”

ಅವನ ಗಂಟಲಿನಿಂದ ಒಂದು ಸದ್ದು ಬಂತು, ನಗುವೋ ಏನೋ ಗೊತ್ತಾಗಲಿಲ್ಲ. ಎರಡು ಬೆರಳಲ್ಲಿ ಹಿಡಿದಿದ್ದ ಪುಟಗಳನ್ನು ಬಿಟ್ಟ. ಕಿಟಕಿಯ ಕಡೆ ಮುಖ ಮಾಡಿದ, ಕಾಣುವವರ ಹಾಗೆ.

“ಒಂಬತ್ತನೇ ಪುಟ ಬರೆಯುವಾಗ ನನಗೆ ಕಣ್ಣು ಚೆನ್ನಾಗಿ ಕಾಣ್ತಿತ್ತು ಕಣೇ,” ಎಂದ.

ಸಿಟ್ಟಿನಿಂದ ಹೇಳಿದ್ದರೆ ಏನಾದರೂ ಎದುರು ಹೇಳುತ್ತಿದ್ದೆ. ಅವನು ಗಂಟೆ ಎಷ್ಟು ಎಂದು ಹೇಳಿದ ಹಾಗೆ ಹೇಳಿದ. ನಿನ್ನ ಸಿಳ್ಳೆ ನಿಲ್ಲಿಸುವ ಧೈರ್ಯ ಬರಲಿಲ್ಲ ಎನ್ನಬೇಕು ಅನ್ನಿಸಿತು. ಪ್ರೀತಿಯಿಂದಲೇ ಮಾಡಿದೆ, ನಿಜ. ಅವನಿಗೆ ಬೇಕಾಗಿದ್ದದ್ದು ಸಪ್ಪೆ ಎನ್ನುವ ತಂಗಿ ಒಬ್ಬಳು. ಚೆನ್ನಾಗಿದೆ ಎನ್ನಲು ಊರೆಲ್ಲ ಇತ್ತು.

ನಮ್ಮ ನಿಲ್ದಾಣ ಬಂತು. ಅವನು ಎದ್ದು, ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡು, ದಿನಾ ಮಾಡುವ ಹಾಗೆ ನನ್ನ ಹೆಗಲ ಮೇಲೆ ಕೈಯಿಟ್ಟ. ಕೈ ತೆಗೆಯಬಹುದಿತ್ತು, ತೆಗೆಯಲಿಲ್ಲ. ಬಾಗಿಲ ಬಳಿ ಬಂದೆವು.

“ಮೆಟ್ಟಿಲು ಬಂತು ಅಣ್ಣ,” ಎಂದೆ.

ಅದೊಂದನ್ನಾದರೂ ಹೊತ್ತಿಗೆ ಸರಿಯಾಗಿ ಹೇಳಿದೆ.